ದುರ್ಗಿಗುಡಿಯ ಡಿಟಿಪಿ ಅಂಗಡಿ: ಕೇಳಿ ತಿಳಿದುಕೊಂಡು ರೆಸ್ಯೂಮ್ ಮಾಡಿಕೊಡುತ್ತಾರೆ

ಶಿವಮೊಗ್ಗದಲ್ಲಿ ಜೆರಾಕ್ಸ್ ಅಂಗಡಿಗೆ ಹೋಗಿ ರೆಸ್ಯೂಮ್ ಬೇಕು ಅಂದರೆ ಸಾಮಾನ್ಯವಾಗಿ ಹಿಂದೆ ಯಾರಿಗೋ ಮಾಡಿದ ಫೈಲ್ ತೆಗೆದು, ಹೆಸರು, ಮಾರ್ಕ್ಸ್, ಫೋನ್ ನಂಬರ್ ಬದಲಿಸಿ ಪ್ರಿಂಟ್ ಕೈಗಿಡುತ್ತಾರೆ. ದುರ್ಗಿಗುಡಿಯ ಅಡ್ಡರಸ್ತೆಯಲ್ಲಿರುವ ಈ ಸಣ್ಣ ಡಿಟಿಪಿ ಅಂಗಡಿ ಹಾಗಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತಂಗಿ ಬಿ.ಕಾಂ. ಮುಗಿಸಿ ಸಾಗರದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದಳು. ಈಗ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಕಡೆ ಅಕೌಂಟ್ಸ್ ಕೆಲಸ ಹುಡುಕುತ್ತಿದ್ದಾಳೆ. ಅವಳ ಹಳೆಯ ರೆಸ್ಯೂಮ್‌ನಲ್ಲಿ ಅಪ್ಪನ ಹೆಸರು, ಜಾತಿ, ಹವ್ಯಾಸ ಎಲ್ಲಾ ಇತ್ತು, ಮಂಡಿಯ ಕೆಲಸಕ್ಕೆ ಮಾತ್ರ ಒಂದೇ ಸಾಲು. ಅಂಗಡಿಯ ಅಕ್ಕ ಅದನ್ನು ಪೂರ್ತಿ ಓದಿ, ‘ಹಾರ್ಡ್ ವರ್ಕಿಂಗ್, ಸಿನ್ಸಿಯರ್ ಅಂತ ಎಲ್ಲರೂ ಹಾಕ್ತಾರಮ್ಮ. ಮಂಡಿಯಲ್ಲಿ ದಿನಾ ಏನು ಮಾಡ್ತಿದ್ದೆ, ಅದು ಹೇಳು’ ಅಂದರು. ತಂಗಿ ಮೊದಲು ತಡವರಿಸಿದಳು. ಆಮೇಲೆ ಒಂದೊಂದೇ ಹೊರಗೆ ಬಂತು: ರಾಶಿ, ಚಾಲಿ, ಬಿಳಿಗೋಟು, ಕೆಂಪುಗೋಟು ಅಂತ ಅಡಿಕೆಯ ಒಂದೊಂದು ಬಗೆಗೂ ಬೇರೆ ಬೇರೆಯಾಗಿ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಸ್ಟಾಕ್ ಎಂಟ್ರಿ ಮಾಡುವುದು, ರೈತರ ಖಾತೆಯ ಬಾಕಿ ತಾಳೆ ನೋಡುವುದು, ಪ್ರತಿ ತಿಂಗಳು 11ರೊಳಗೆ ಜಿಎಸ್‌ಟಿಆರ್-1 (ಮಾರಾಟದ ವಿವರದ ಜಿಎಸ್‌ಟಿ ರಿಟರ್ನ್), 20ರೊಳಗೆ 3ಬಿ (ತೆರಿಗೆ ಲೆಕ್ಕದ ರಿಟರ್ನ್) ಹೋಗಬೇಕಲ್ಲ, ಅದಕ್ಕೆ ಆಡಿಟರಿಗೆ ಲೆಕ್ಕ ಹೊಂದಿಸಿ ಕೊಡುವುದು. ಇದೆಲ್ಲಾ ಮೇಲಕ್ಕೆ ಬಂತು, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕೆಳಗೆ ಹೋಯಿತು, ಜಾತಿ ಮತ್ತು ಹವ್ಯಾಸ ತೆಗೆದೇ ಬಿಟ್ಟರು. ಒಟ್ಟು ಒಂದೇ ಪುಟ. ಇವಳು ಇಷ್ಟೆಲ್ಲಾ ಮಾಡುತ್ತಿದ್ದಳು ಅಂತ ಮನೆಯಲ್ಲಿ ನಮಗೂ ಗೊತ್ತಿರಲಿಲ್ಲ, ಓದಿ ತುಂಬಾ ಖುಷಿಯಾಯಿತು.

ನೋಡಲು ಸಾದಾ. ಬಣ್ಣದ ಪಟ್ಟಿ, ಎರಡು ಕಾಲಂ, ಇಂಗ್ಲಿಷ್ ಎಷ್ಟು ಬರುತ್ತದೆ ಅಂತ ಸ್ಟಾರ್ ಹಾಕುವುದು, ಯಾವುದೂ ಇಲ್ಲ. ದೊಡ್ಡ ಕಂಪನಿಗಳಲ್ಲಿ ಎಷ್ಟೋ ಕಡೆ ಮೊದಲು ಸಾಫ್ಟ್‌ವೇರ್ ರೆಸ್ಯೂಮ್ ಜರಡಿ ಹಿಡಿಯುತ್ತದೆ, ಚಿತ್ರದೊಳಗೆ, ಟೇಬಲ್ ಒಳಗೆ ಕೂರಿಸಿದ ಅಕ್ಷರ ಅದಕ್ಕೆ ಸರಿಯಾಗಿ ಸಿಗದೆ ಹೋಗಬಹುದು. ಹಾಗಾಗಿ ನನಗೆ ಸಾದಾನೇ ಸರಿ.

ಒಂದು ಕೊರತೆ ಹೇಳಲೇಬೇಕು. ಜೊತೆಗೆ ಮಾಡಿಸಿದ ಕನ್ನಡ ಅರ್ಜಿಯನ್ನು ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದರು. ಪ್ರಿಂಟ್ ಚೆನ್ನಾಗಿಯೇ ಬಂತು, ಆದರೆ ವರ್ಡ್ ಫೈಲನ್ನು ಮೊಬೈಲ್‌ನಲ್ಲಿ ತೆರೆದರೆ ಕನ್ನಡವೇ ಇಲ್ಲ, ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು! ಹೇಳಿದ ಮೇಲೆ ಮೊಬೈಲ್‌ನಲ್ಲೂ ಕನ್ನಡ ಕಾಣುವ ಯೂನಿಕೋಡ್‌ಗೆ ಬದಲಿಸಿ, ಪಿಡಿಎಫ್ ಕೂಡ ಮಾಡಿ ಕೊಟ್ಟರು, ಅದಕ್ಕೆ ದುಡ್ಡು ಕೇಳಲಿಲ್ಲ. ನೀವು ಹೋದರೆ ಮೊದಲೇ ಹೇಳಿಬಿಡಿ.

200 ರೂಪಾಯಿ ತೆಗೆದುಕೊಂಡರು. ಸುಮ್ನೆ ಹೆಸರು ಬದಲಿಸುವ ಕಡೆಗಿಂತ ಜಾಸ್ತಿ, ಆದರೆ ಕೂತು ಕೇಳಿ ಬರೆಯುವುದಕ್ಕೆ ಇಷ್ಟು ಕೊಡಬಹುದು ಅಲ್ವಾ? ವರ್ಡ್ ಫೈಲನ್ನೂ ಮೇಲ್ ಮಾಡಿಸಿಕೊಳ್ಳಿ, ಮುಂದೆ ನೀವೇ ತಿದ್ದಿಕೊಳ್ಳಬಹುದು. ಸಂಜೆ ಕಾಲೇಜು ಮಕ್ಕಳ ಪ್ರಾಜೆಕ್ಟ್ ಬೈಂಡಿಂಗ್ ರಶ್ ಇರುತ್ತದೆ, ಬೆಳಿಗ್ಗೆ ಹೋಗಿ. ಹೋಗುವಾಗ ಕೆಲಸದ ಜಾಹೀರಾತಿನ ಸ್ಕ್ರೀನ್‌ಶಾಟ್ ಮೊಬೈಲ್‌ನಲ್ಲಿರಲಿ, ಯಾವುದು ಮೇಲೆ ಬರಬೇಕು ಅಂತ ಅಕ್ಕ ಅದನ್ನು ನೋಡಿಯೇ ಹೇಳುತ್ತಾರೆ.