ಮೋಟರ್ ನಡುಕ ಅಳೆಯಲು ಮೂರು ಬೋರ್ಡ್: ಊನೊ, ಪೈ, ಇಎಸ್‌ಪಿ32

ಮೊದಲೇ ಹೇಳಿಬಿಡುತ್ತೇನೆ, ಈ ಮೂರು ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್‌ಗಳಲ್ಲಿ ನನ್ನ ಓಟು ಇಎಸ್‌ಪಿ32ಗೆ. ಹಾಗಂತ ಅದು ನಮ್ಮನ್ನು ಸತಾಯಿಸಲಿಲ್ಲ ಅಂತಲ್ಲ. ಮೂರರಲ್ಲಿ ಜಾಸ್ತಿ ನಿದ್ದೆ ಕೆಡಿಸಿದ್ದು ಅದೇ. ಆದರೂ ನಾಳೆ ಇನ್ನೊಂದು ಪ್ರಾಜೆಕ್ಟ್ ಬಂದರೆ ಕಣ್ಣು ಮುಚ್ಚಿಕೊಂಡು ಅದನ್ನೇ ತಗೊಳ್ಳುತ್ತೇನೆ.

ನಮ್ಮದು ನಾಲ್ಕು ಜನರ ಫೈನಲ್ ಇಯರ್ ಪ್ರಾಜೆಕ್ಟ್. ಲ್ಯಾಬಿನ ಇಂಡಕ್ಷನ್ ಮೋಟರ್‌ಗೆ ಸೆನ್ಸರ್ ಅಂಟಿಸಿ, ಅದರ ನಡುಕ ನೋಡಿ, ಬ್ಯಾಲೆನ್ಸ್ ತಪ್ಪಿದೆಯಾ, ಶಾಫ್ಟ್ ಓರೆಯಾಗಿದೆಯಾ ಅಂತ ಹೇಳಬೇಕು. ಮೋಟರ್ ನಿಮಿಷಕ್ಕೆ 1440 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 24. ಬ್ಯಾಲೆನ್ಸ್ ತಪ್ಪಿದರೆ 24 ಹರ್ಟ್ಸ್‌ನಲ್ಲಿ ನಡುಕ ಏಳುತ್ತದೆ. ಶಾಫ್ಟ್ ಓರೆಯಾಗಿದ್ದರೆ ಸಾಮಾನ್ಯವಾಗಿ ಅದರ ಎರಡು ಪಟ್ಟು, 48ರಲ್ಲೂ ಏಳುತ್ತದೆ. ಇಷ್ಟನ್ನು ಹಿಡಿದು ಗ್ರಾಫ್ ಮಾಡಿ, ವೈಫೈ ಮೇಲೆ ಲ್ಯಾಪ್‌ಟಾಪ್‌ಗೆ ಕಳಿಸಿದರೆ ನಮ್ಮ ಕೆಲಸ ಮುಗಿಯಿತು.

ಮೊದಲು ಕೊಂಡದ್ದು ಲಿನಕ್ಸ್ ಓಡಿಸುವ ಪುಟ್ಟ ಕಂಪ್ಯೂಟರ್ ಆದ ರಾಸ್ಪ್‌ಬೆರಿ ಪೈ. ಸೀನಿಯರ್ ಒಬ್ಬರು "ಪೈ ತಗೊಂಡ್ರೆ ಎಲ್ಲಾ ಆಗತ್ತೆ" ಅಂದರು, ನಾಲ್ವರೂ ದುಡ್ಡು ಹಾಕಿದೆವು. ಮನೆಗೆ ತಂದು ಡಬ್ಬ ಬಿಚ್ಚಿದ ಮೇಲೆ ಗೊತ್ತಾಯಿತು, ಅದರಲ್ಲಿ ಅನಲಾಗ್ ಪಿನ್, ಅಂದರೆ ಏರಿಳಿಯುವ ವೋಲ್ಟೇಜ್ ಓದುವ ಪಿನ್, ಒಂದೂ ಇಲ್ಲ! ನಮ್ಮ ಎಡಿಎಕ್ಸ್‌ಎಲ್335 ಸೆನ್ಸರ್ ನಡುಕವನ್ನು ಮೂರು ದಿಕ್ಕಿನಲ್ಲಿ ಅಳೆಯುತ್ತದೆ, ಆದರೆ ಕೊಡುವುದು ಬರೀ ವೋಲ್ಟೇಜ್. ಕೊಳ್ಳುವ ಮುಂಚೆ ಇದನ್ನು ನೋಡದೇ ಇದ್ದದ್ದು ನಮ್ಮದೇ ದಡ್ಡತನ. ವೋಲ್ಟೇಜನ್ನು ಅಂಕೆಯಾಗಿಸುವ ಎಂಸಿಪಿ3008 ಚಿಪ್ ಸೇರಿಸಿದೆವು, ಓದಲು ಶುರುವಾಯಿತು. ಆದರೆ ಲಿನಕ್ಸ್ ತನ್ನ ಬೇರೆ ಕೆಲಸಗಳ ನಡುವೆ ನಮ್ಮ ಪೈಥಾನ್ ಪ್ರೋಗ್ರಾಮ್‌ಗೂ ಸರದಿ ಕೊಡುತ್ತದೆ ಅಲ್ವಾ, ಹಾಗಾಗಿ ಸ್ಯಾಂಪಲ್‌ಗಳ (ಒಂದೊಂದು ಸಲ ಓದಿದ ಅಳತೆಗಳ) ನಡುವಿನ ಅಂತರ ಒಂದೇ ಸಮ ಇರಲಿಲ್ಲ. ನಡುಕ ಅಳೆಯುವವರಿಗೆ ಅದೇ ಮುಖ್ಯ. ಕೊನೆಗೆ ಒಂದು ದಿನ ಲ್ಯಾಬಿನಲ್ಲಿ ಯಾರೋ ಮೇನ್ ಸ್ವಿಚ್ ಆರಿಸಿದರು, ಎಸ್‌ಡಿ ಕಾರ್ಡ್ ಕೆಟ್ಟು ಕೂತಿತು. ಪೈ ಕಥೆ ಅಲ್ಲಿಗೆ ಮುಗಿಯಿತು. ಕ್ಯಾಮೆರಾ ಇರುವ ಪ್ರಾಜೆಕ್ಟ್ ಆಗಿದ್ದರೆ ಮಾತು ಬೇರೆ.

ಆಮೇಲೆ ಡಿಪಾರ್ಟ್‌ಮೆಂಟಿನ ಕಪಾಟಿನಿಂದ ಹಳೇ ಆರ್ಡುಯಿನೊ ಊನೊ (ಆರ್3) ಬಂತು. ಇದು ಪಾಪದ ಪ್ರಾಣಿ. ಪಿನ್ನಿಗೆ 5 ವೋಲ್ಟ್ ಕೊಟ್ಟರೂ ಸಹಿಸಿಕೊಳ್ಳುತ್ತದೆ, ಚಿಪ್ ಸುಟ್ಟರೆ ಸಾಕೆಟ್‌ನಿಂದ ಎಬ್ಬಿಸಿ ಇನ್ನೊಂದು ಕೂರಿಸಬಹುದು. ಎರಡೇ ಗಂಟೆಯಲ್ಲಿ ಸೆನ್ಸರ್ ಓದಿಬಿಟ್ಟೆವು. ಸಿಕ್ಕಿಬಿದ್ದದ್ದು ಮೆಮೊರಿಯಲ್ಲಿ. ನಡುಕವನ್ನು ಫ್ರೀಕ್ವೆನ್ಸಿಗಳಾಗಿ ಬಿಡಿಸಲು ಎಫ್‌ಎಫ್‌ಟಿ ಬೇಕು. ನಾವು ಬಳಸಿದ ರೀತಿಯಲ್ಲಿ ಅದಕ್ಕೆ ಎರಡು ಅರೇ (ಅಂಕೆಗಳ ಪಟ್ಟಿ), ಒಂದೊಂದು ಅಂಕೆಗೆ 4 ಬೈಟ್. 256 ಸ್ಯಾಂಪಲ್ ಇಟ್ಟರೆ ಸರಿಯಾಗಿ 2048 ಬೈಟ್. ಊನೊದಲ್ಲಿ ರ್‍ಯಾಮ್ ಇರುವುದೇ 2048! ಅಂಗಡಿ ತುಂಬಾ ಮೂಟೆ ಪೇರಿಸಿ ಅಂಗಡಿಯವನೇ ಬೀದಿಯಲ್ಲಿ ನಿಂತ ಹಾಗೆ. 128ಕ್ಕೆ ಇಳಿಸಿದೆವು. ಸೆಕೆಂಡಿಗೆ 1000 ಸ್ಯಾಂಪಲ್ ತೆಗೆಯುವಾಗ ಗ್ರಾಫಿನ ಒಂದೊಂದು ಮನೆ 7.8 ಹರ್ಟ್ಸ್ ಅಗಲವಾಯಿತು. ಲೋಡ್ ಹಾಕಿ ಮೋಟರ್ ಸ್ವಲ್ಪ ನಿಧಾನವಾದರೂ ಗ್ರಾಫಿಗೆ ಏನೂ ಗೊತ್ತಿಲ್ಲ. ಸ್ಯಾಂಪಲಿಂಗ್ ಕಮ್ಮಿ ಮಾಡಬಹುದಿತ್ತು, ನಿಜ. ಆದರೆ ನಮ್ಮ ಗೈಡ್ ಮೇಡಂಗೆ ಅದು ಇಷ್ಟವಿರಲಿಲ್ಲ. ಮೇಲಾಗಿ ಊನೊದಲ್ಲಿ ವೈಫೈ ಇಲ್ಲ.

ಹೀಗೆ ಇಎಸ್‌ಪಿ32ಗೆ ಬಂದೆವು. 520 ಕೆಬಿ ರ್‍ಯಾಮ್. 1024 ಸ್ಯಾಂಪಲ್‌ಗೆ 8 ಕೆಬಿ ಸಾಕು. ಗ್ರಾಫಿನ ಮನೆ ಸುಮಾರು 1 ಹರ್ಟ್ಸ್‌ಗೆ ಇಳಿಯಿತು, 24ರಲ್ಲಿ ಸೂಜಿಯ ಹಾಗೆ ಒಂದು ಗೆರೆ ಎದ್ದಿತು. ಊನೊಗೆ ಬರೆದ ಕೋಡ್ ಮುಕ್ಕಾಲು ಪಾಲು ಹಾಗೇ ನಡೆಯಿತು. ಅವತ್ತು ಎಲ್ಲರೂ ಖುಷಿಯಾಗಿ ಮನೆಗೆ ಹೋದೆವು.

ಸೆನ್ಸರ್ ಭಾಗ ನಾನು ಬರೆದಿದ್ದೆ, ವೈಫೈ ಭಾಗ ಗೆಳತಿ ಬರೆದಿದ್ದಳು. ಎರಡೂ ಬೇರೆ ಬೇರೆಯಾಗಿ ಚೆನ್ನಾಗಿ ನಡೆಯುತ್ತಿದ್ದವು. ಸೇರಿಸಿದ ದಿನ ಮೂರೂ ಗ್ರಾಫ್ ಮಟ್ಟಸವಾಗಿ ಮಲಗಿಬಿಟ್ಟವು. ಮೋಟರ್ ಗಡಗಡ ಅನ್ನುತ್ತಿದೆ, ಸ್ಕ್ರೀನಿನಲ್ಲಿ ಒಂದು ಅಲುಗಾಟವೂ ಇಲ್ಲ.

ಸೆನ್ಸರ್ ಹೋಗಿರಬೇಕು ಅಂತ ಇನ್ನೊಂದು ಹಾಕಿದೆವು. ಅದೂ ಹಾಗೇ. ಬ್ರೆಡ್‌ಬೋರ್ಡ್ ಲೂಸ್ ಇರಬೇಕು ಅಂತ ವೈರ್‌ಗಳನ್ನು ಸೋಲ್ಡರ್ ಮಾಡಿದೆವು. ಬೋರ್ಡನ್ನೇ ಬದಲಿಸಿದೆವು. ತಮಾಷೆ ಏನೆಂದರೆ, ಜೊತೆಗಿದ್ದ ಡಿಎಸ್18ಬಿ20 ತಾಪಮಾನವನ್ನು ಸರಿಯಾಗಿಯೇ ಕೊಡುತ್ತಿತ್ತು. ಅದು ಅನಲಾಗ್ ಪಿನ್ ಬೇಡದ ಡಿಜಿಟಲ್ ಸೆನ್ಸರ್ ಅನ್ನೋದು ನಮಗೆ ಹೊಳೆಯಲೇ ಇಲ್ಲ. "ಒಂದು ಬರ್ತಿದೆ ಅಂದ್ಮೇಲೆ ಬೋರ್ಡ್ ಸರಿ ಇದೆ, ನಿನ್ನ ಕೋಡೇ ತಪ್ಪು" ಅಂತ ಗೆಳತಿ. ವೈಫೈ ಹಾಕಿದ ಮೇಲೇ ಕೆಟ್ಟಿದ್ದು ಅಂತ ನಾನು. ಮೂರು ದಿನ ಇದೇ ಜಗಳ.

ನಾಲ್ಕನೇ ರಾತ್ರಿ ಸುಮ್ನೆ ಹಠಕ್ಕೆ ವೈಫೈ ಶುರು ಮಾಡುವ ಒಂದೇ ಸಾಲನ್ನು ಕಾಮೆಂಟ್ ಮಾಡಿದೆ, ಅಂದರೆ ಓಡದಂತೆ ಮಾಡಿದೆ. ಗ್ರಾಫ್ ಎದ್ದು ಕುಣಿಯಿತು. ಸಾಲು ವಾಪಸ್ ಹಾಕಿದೆ, ಮಲಗಿತು. ನಾನೇ ಗೆದ್ದೆ ಅಂದುಕೊಂಡು ಗೆಳತಿಗೆ ಫೋನ್ ಮಾಡಿ ಎಬ್ಬಿಸಿದೆ. ಆದರೆ ಅವಳ ಕೋಡಿನಲ್ಲೂ ತಪ್ಪಿರಲಿಲ್ಲ. ಇಎಸ್‌ಪಿ32 ಒಳಗೆ ಅನಲಾಗ್ ಓದುವ ಘಟಕ ಎರಡಿವೆ, ಎಡಿಸಿ1 ಮತ್ತು ಎಡಿಸಿ2. ಎರಡನೆಯದನ್ನು ವೈಫೈ ತನ್ನ ಕೆಲಸಕ್ಕೆ ಬಳಸಿಕೊಳ್ಳುತ್ತದೆ. ವೈಫೈ ಓಡುತ್ತಿರುವಾಗ ಆ ಪಿನ್‌ಗಳಲ್ಲಿ ಅನಲಾಗ್ ಓದುವುದನ್ನು ನಂಬುವಂತಿಲ್ಲ. ನಾವು ವೈರ್ ಹಾಕಿದ್ದು 25, 26, 27ಕ್ಕೆ. ಮೂರೂ ಎಡಿಸಿ2! ಪಕ್ಕಪಕ್ಕ ಇದ್ದವು, ವೈರ್ ನೀಟಾಗಿ ಕಾಣುತ್ತದೆ ಅಂತ ನಾನೇ ಆರಿಸಿದ್ದೆ.

ವೈರ್‌ಗಳನ್ನು 32, 33, 34ಕ್ಕೆ ಸರಿಸಿದೆವು. ಹತ್ತು ನಿಮಿಷದ ಕೆಲಸ. ಮರುದಿನ ಮೇಡಂಗೆ ಹೇಳಿದರೆ "ಡೇಟಾಶೀಟ್ ಓದಿದ್ರಾ?" ಅಂತ ಒಂದೇ ಪ್ರಶ್ನೆ ಕೇಳಿದರು. ನಾಲ್ವರೂ ನೆಲ ನೋಡಿದೆವು. ನೀವು ಇದೇ ಬೋರ್ಡ್ ತಗೊಳ್ಳುವವರಿದ್ದರೆ ನೆನಪಿಡಿ: ಅನಲಾಗ್ ಸೆನ್ಸರ್ ಮತ್ತು ವೈಫೈ ಎರಡೂ ಬೇಕಿದ್ದರೆ 32ರಿಂದ 39ರವರೆಗಿನ ಪಿನ್ ಮಾತ್ರ. ಕೆಲವು ಬೋರ್ಡ್‌ಗಳಲ್ಲಿ 36ಕ್ಕೆ ವಿಪಿ, 39ಕ್ಕೆ ವಿಎನ್ ಅಂತ ಬರೆದಿರುತ್ತಾರೆ. 12ನೇ ಪಿನ್ನಿಗೆ ಸೆನ್ಸರ್ ಹಾಕಲೇ ಬೇಡಿ, ಆನ್ ಮಾಡುವಾಗ ಅದು ಹೈ ಇದ್ದರೆ, ಅಂದರೆ ಅದರಲ್ಲಿ ವೋಲ್ಟೇಜ್ ಇದ್ದರೆ, ಬೋರ್ಡ್ ಏಳುವುದೇ ಕಷ್ಟ. ಯುಎಸ್‌ಬಿ ಕೇಬಲ್ ಕಳಪೆಯದಾದರೆ ವೈಫೈ ಶುರುವಾದಾಗ ವೋಲ್ಟೇಜ್ ಬಿದ್ದು ರೀಸೆಟ್ ಆಗುತ್ತಿರುತ್ತದೆ.

ಇಷ್ಟೆಲ್ಲಾ ಆಗಿಯೂ ಯಾಕೆ ಅದೇ ಅಂದರೆ, ಒಂದು ಪೈ ಕೊಂಡ ದುಡ್ಡಿಗೆ ಇದು ಹಲವು ಬರುತ್ತವೆ. ನನಗೆ ಬೋರ್ಡ್ ಸುಡುವ ಅಭ್ಯಾಸವಿದೆ, ಕೈಯಲ್ಲಿ ಸ್ಪೇರ್ ಇಲ್ಲದೆ ವೈವಾಗೆ ಹೋಗುವ ಧೈರ್ಯ ಇಲ್ಲ. ಪ್ಲಗ್ ಕಿತ್ತರೂ ಕೆಡಲು ಎಸ್‌ಡಿ ಕಾರ್ಡ್ ಇಲ್ಲ. ಮೊದಲ ವರ್ಷದವರಿಗೆ, ವೈಫೈ ಬೇಡದ ಕೆಲಸಕ್ಕೆ, ನಾನು ಊನೊವನ್ನೇ ಕೈಗೆ ಕೊಡುತ್ತೇನೆ.

ಡೆಮೊ ದಿನ ಎಕ್ಸ್‌ಟರ್ನಲ್ ಸರ್ (ಹೊರಗಿನಿಂದ ಬಂದ ಪರೀಕ್ಷಕರು) ಮೋಟರಿನ ಪುಲ್ಲಿ ಚಕ್ರಕ್ಕೆ ತಾವೇ ಒಂದು ನಟ್ ಕಟ್ಟಿ ನೋಡಿದರು. 24ರ ಗೆರೆ ಎತ್ತರಕ್ಕೆ ಏರಿತು. ಅವರು ಬಗ್ಗಿ ಬೋರ್ಡ್ ನೋಡಿ, "ಈ 25, 26, 27ರ ಮೇಲೆ ಯಾಕೆ ಕೆಂಪು ಟೇಪ್ ಅಂಟಿಸಿದ್ದೀರಿ?" ಅಂದರು. ಗೆಳತಿ ನನ್ನ ಕಡೆ ಕೈ ತೋರಿಸಿದಳು.