ಸೋರುವ ತಾರಸಿಗೆ ಗ್ರಾಹಕ ಆಯೋಗ: ಕಾಸರಗೋಡಿನವರಿಗೆ ಎಷ್ಟು ಉಪಯೋಗ?

ಕಂಟ್ರಾಕ್ಟರ್ ಕೆಲಸ ಕೆಡಿಸಿ ಫೋನ್ ಎತ್ತದೇ ಹೋದರೆ ಹಲವರು ಮೊದಲು ಹೋಗುವುದು ಪೊಲೀಸ್ ಠಾಣೆಗೆ. 'ಇದು ಸಿವಿಲ್ ವಿಷಯ' ಎಂದು ಅಲ್ಲಿಂದ ಕಳಿಸುತ್ತಾರೆ. ಶುರುವಿನಿಂದಲೇ ಮೋಸದ ಉದ್ದೇಶವಿತ್ತೆಂದು ತೋರಿಸಲಾಗದಿದ್ದರೆ ಆ ಉತ್ತರ ತಪ್ಪಲ್ಲ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಕೂಡ ಒದಗುವುದಿಲ್ಲ. ಅದರ ಐದು ವರ್ಷಗಳ ಹೊಣೆ ಫ್ಲ್ಯಾಟ್, ವಿಲ್ಲಾ ಮಾರಿದ ಬಿಲ್ಡರ್‌ಗಳದ್ದು. ಸ್ವಂತ ಜಾಗದಲ್ಲಿ ಮನೆ ಕಟ್ಟಿಸಿದವರಿಗೆ ಅನ್ವಯಿಸದು. ಉಳಿದದ್ದು ಸಿವಿಲ್ ಕೋರ್ಟು ಮತ್ತು ಜಿಲ್ಲಾ ಗ್ರಾಹಕ ಆಯೋಗ.

ಖರ್ಚು ನೋಡಿದರೆ ಆಯೋಗವೇ ಸರಿ. ಕಂಟ್ರಾಕ್ಟರ್‌ಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ; 10 ಲಕ್ಷದವರೆಗೆ 200, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1000 ರೂಪಾಯಿ. ಗಡಿನಾಡಿನವರಿಗೆ ಇನ್ನೊಂದು ದೊಡ್ಡ ಅನುಕೂಲ: 2019ರ ಕಾಯ್ದೆಯ ಪ್ರಕಾರ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಟ್ರಾಕ್ಟರ್ ಮಂಗಳೂರಿನವನಾದರೂ ತಲಪಾಡಿ ಗಡಿ ದಾಟಿ ಅಲೆಯಬೇಕಿಲ್ಲ. ಕರಾರು ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಜೊತೆಗಿಡಿ.

ದೂರು ಕೊಡಲು ಗಡುವು ಎರಡು ವರ್ಷ. 'ಮಳೆ ನಿಲ್ಲಲಿ, ಸರಿಮಾಡಿ ಕೊಡ್ತೇನೆ' ಎಂಬ ಮಾತಿನಲ್ಲೇ ಅದು ಕರಗುತ್ತದೆ; ಬಾಯಿಮಾತಿನ ಭರವಸೆಯಿಂದ ಗಡುವು ಮುಂದೆ ಹೋಗುವುದಿಲ್ಲ. ಯಾವ ಕೋಣೆ, ಯಾವ ಗೋಡೆ, ಎಂದಿನಿಂದ ಎಂದು ಬರೆದು, 15 ದಿನ ಕೊಟ್ಟು, ಸ್ಪೀಡ್ ಪೋಸ್ಟಿನಲ್ಲಿ ನೋಟಿಸು ಕಳಿಸಿ. ವಾಟ್ಸಾಪ್ ಸಂದೇಶ ಅಳಿಸಬೇಡಿ.

ಕೇಸು ಗೆಲ್ಲುವುದೂ ಸೋಲುವುದೂ ಎಕ್ಸ್‌ಪರ್ಟ್ ಕಮಿಷನರ್ (ಆಯೋಗದ ಪರವಾಗಿ ಮನೆ ನೋಡಿ ಹೇಳುವ ತಜ್ಞ) ವರದಿಯಲ್ಲಿ. ದೂರಿನ ಜೊತೆಗೇ ಸಿವಿಲ್ ಎಂಜಿನಿಯರ್ ಒಬ್ಬರನ್ನು ಕಮಿಷನರ್ ಆಗಿ ನೇಮಿಸಲು ಅರ್ಜಿ ಹಾಕಬೇಕು. ಅವರ ಬತ್ತೆ ಮೊದಲು ನಾವೇ ಕಟ್ಟಬೇಕು. ಏನೇನು ನೋಡಬೇಕೆಂದು 'ವರ್ಕ್ ಮೆಮೊ' ಕೊಡುವ ಅವಕಾಶವಿದೆ. ಅದನ್ನು 'ಮನೆ ಸೋರುತ್ತದೆ' ಎಂದು ಮುಗಿಸಿದರೆ ವರದಿಯೂ ಅಷ್ಟೇ ಬಡವಾಗಿರುತ್ತದೆ. ಹೀಗೆ ಕೇಳಿ: ತಾರಸಿಯಲ್ಲಿ ನೀರು ಕಟ್ಟಿ ನಿಲ್ಲಿಸಿದರೆ ಎಲ್ಲಿ ಇಳಿಯುತ್ತದೆ, ನೀರು ಹರಿಯುವಷ್ಟು ಇಳಿಜಾರಿದೆಯೇ, ಸರಳಿನ ಮೇಲೆ ಸಾಕಷ್ಟು ಕಾಂಕ್ರೀಟ್ ಪದರ (ಕವರ್) ಇದೆಯೇ, ಕೆಂಪುಕಲ್ಲಿನ ಗೋಡೆಗೆ ಪಂಚಾಂಗದಿಂದ (ಅಡಿಪಾಯದಿಂದ) ತೇವ ಏರದಂತೆ ತಡೆ ಕೊಟ್ಟಿದ್ದಾರೆಯೇ, ಸಾರಣೆ ಎಷ್ಟು ಚದರ ಅಡಿ ಟೊಳ್ಳಾಗಿದೆ. ಮುಖ್ಯವಾಗಿ, ಸರಿಪಡಿಸಲು ಪ್ರತಿ ಬಾಬ್ತಿಗೆ ಎಷ್ಟು ಬೇಕು. ಈ ಲೆಕ್ಕ ಇಲ್ಲದಿದ್ದರೆ ಪರಿಹಾರ ಅಂದಾಜಿನ ಮೊತ್ತಕ್ಕೆ ಇಳಿಯುತ್ತದೆ. ಕ್ಯೂರಿಂಗ್ (ಕಾಂಕ್ರೀಟಿಗೆ ನೀರುಣಿಸುವುದು) ಸರಿ ಮಾಡಲಿಲ್ಲ ಎಂಬುದನ್ನು ಆಮೇಲೆ ಸಾಬೀತುಪಡಿಸುವುದು ಕಷ್ಟ. ಅದರ ಮೇಲೇ ಕೇಸು ಕಟ್ಟಬೇಡಿ.

ಇಲ್ಲಿಯ ಮಳೆಗಾಲವೇ ಈ ವ್ಯವಸ್ಥೆಯ ದೊಡ್ಡ ವೈರಿ. ಕಮಿಷನರ್ ಬರುವವರೆಗೆ ಕಾಯಲಾಗದೆ ಜನ ವಾಟರ್‌ಪ್ರೂಫ್ ಕೋಟಿಂಗ್ ಹೊಡೆಸುತ್ತಾರೆ, ಅಲ್ಲಿಗೆ ಸಾಕ್ಷಿ ಮುಗಿಯಿತು. ತಡೆಯಲಾಗದಿದ್ದರೆ ತಾರಸಿ ಮೇಲೆ ಶೀಟು ಹಾಕಿಸಿ (ನಮ್ಮ ಕಡೆ ಹೇಗೂ ಎಲ್ಲರೂ ಹಾಕಿಸುವುದೇ). ಕೆಳಗಿನ ಸ್ಲ್ಯಾಬ್ ಹಾಗೆಯೇ ಉಳಿಯುತ್ತದೆ, ನೀರು ಕಟ್ಟಿ ನೋಡಲು ತೊಂದರೆಯಿಲ್ಲ. ಬಿಲ್ಲು ಇಟ್ಟುಕೊಳ್ಳಿ.

ಸಾಮಗ್ರಿ ಮನೆಯವರದ್ದೇ ಆಗಿ ಬರೀ ಲೇಬರ್ ಕಂಟ್ರಾಕ್ಟ್ ಆಗಿದ್ದರೆ 'ಸಿಮೆಂಟು, ಹೊಯ್ಗೆ ಅವರೇ ತಂದದ್ದು' ಎಂಬ ಪ್ರತಿವಾದ ಖಂಡಿತ ಬರುತ್ತದೆ. ದೋಷ ಸಾಮಗ್ರಿಯದ್ದೋ ಕೈಕೆಲಸದ್ದೋ ಎಂಬ ಪ್ರಶ್ನೆಯನ್ನೂ ಮೆಮೊದಲ್ಲಿ ಸೇರಿಸಿ.

ವೇಗಕ್ಕೆ ಮಾತ್ರ ಒಳ್ಳೆಯ ಅಂಕ ಕೊಡಲಾಗದು. ಪರೀಕ್ಷೆ ಬೇಕಾದ ದೂರಿಗೆ ಕಾಯ್ದೆ ಹೇಳುವುದು ಐದು ತಿಂಗಳು. ಅದನ್ನು ನಂಬಿ ಸಾಲದ ಕಂತು ಲೆಕ್ಕ ಹಾಕಬೇಡಿ. ಎದುರು ಪಕ್ಷಕ್ಕೆ ಉತ್ತರಿಸಲು 30 ದಿನ, ಹೆಚ್ಚೆಂದರೆ ಇನ್ನು 15. ಅದು ಮೀರಿದರೆ ತಕ್ಷಣ ಆಕ್ಷೇಪ ಎತ್ತಿ. ಹೆಂಗಸರ ಹೆಸರಲ್ಲಿ ಮನೆಯಿದ್ದು ಕರಾರೂ ಅವರದ್ದೇ ಆದರೆ, ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಕೇಳಬಹುದು (ಸಹಾಯವಾಣಿ 15100).

ಗೆದ್ದ ಮೇಲೂ ವಸೂಲಿಗೆ ಬೇರೆ ಅರ್ಜಿ ಬೇಕು. ಆದೇಶ ಪಾಲಿಸದವನಿಗೆ ಒಂದು ತಿಂಗಳಿಂದ ಮೂರು ವರ್ಷ ಜೈಲು ಅಥವಾ 25,000ದಿಂದ 1 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. ಅಪೀಲು ಹೋಗಬೇಕಾದರೆ ಅವನು ಅರ್ಧ ಹಣ ಠೇವಣಿ ಇಡಬೇಕು. ಆದರೆ ಕರಾರಿನಲ್ಲಿ ಅವನ ಮನೆ ವಿಳಾಸವೇ ಇಲ್ಲದಿದ್ದರೆ ನೋಟಿಸು ಮರಳಿ ಬರುತ್ತಲೇ ಇರುತ್ತದೆ.