ಹಾಲಿನ ಲೆಕ್ಕಕ್ಕೆ ಮೂರು ದಾರಿ: ಬಿ-ಟ್ರೀ, ಬ್ರಿನ್, ಪಾರ್ಟಿಷನ್

ಡೇರಿಗೆ ಬೆಳಿಗ್ಗೆಯೊಮ್ಮೆ, ಸಂಜೆಯೊಮ್ಮೆ ಹಾಲು ಬರುತ್ತದೆ. ಪ್ರತಿ ಸಲವೂ ಒಬ್ಬೊಬ್ಬ ಸದಸ್ಯರಿಗೆ ಒಂದೊಂದು ಸಾಲು: ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ), ದರ. ಹದಿನಾಲ್ಕು ಸಾವಿರದಷ್ಟು ಸದಸ್ಯರ ಮೂರು ವರ್ಷದ ಲೆಕ್ಕವೆಂದರೆ ಮೂರು ಕೋಟಿ ಸಾಲು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನ 15ನೇ ಆವೃತ್ತಿಯಲ್ಲಿ ಈ ಟೇಬಲ್ ಸುಮಾರು 2.4 ಜಿಬಿ ಇತ್ತು. ಬಟವಾಡೆಯ ಹಿಂದಿನ ರಾತ್ರಿ ಬಿಲ್ಲುಗಳು ತೆವಳತೊಡಗಿದ ಮೇಲೆ ಅದರ ನಕಲೊಂದನ್ನು ಬೇರೆ ಯಂತ್ರಕ್ಕೆ ಹಾಕಿಕೊಂಡು ಮೂರು ದಾರಿಗಳನ್ನೂ ಹಿಡಿದು ನೋಡಿದೆ.

ಕೇಳುವ ಪ್ರಶ್ನೆಗಳು ಎರಡೇ. ಒಬ್ಬ ಸದಸ್ಯರ ಹದಿನೈದು ದಿನದ ಬಿಲ್: ಮೂವತ್ತು ಸಾಲು. ಒಂದು ತಿಂಗಳ ಒಟ್ಟು ಹಾಲು: ಎಂಟು ಲಕ್ಷ ಸಾಲು. ಒಂದಕ್ಕೆ ಒಗ್ಗಿದ ಮದ್ದು ಇನ್ನೊಂದಕ್ಕೆ ಒಗ್ಗಲಿಲ್ಲ.

ಮೊದಲು ಬಿ-ಟ್ರೀ, ಅಂದರೆ ಯಾವ ಸಾಲು ಎಲ್ಲಿದೆ ಎಂದು ಕ್ರಮವಾಗಿ ಜೋಡಿಸಿಟ್ಟುಕೊಳ್ಳುವ ಇಂಡೆಕ್ಸ್ (ಸೂಚಿ). ದಿನಾಂಕವನ್ನು ಮುಂದಿಟ್ಟು ಸದಸ್ಯ ಸಂಖ್ಯೆಯನ್ನು ಹಿಂದಿಟ್ಟೆ. ಅದು ನನ್ನದೇ ತಪ್ಪು. ಹಾಗೆ ಇಟ್ಟರೆ ಒಬ್ಬರ ಬಿಲ್ಲಿಗಾಗಿ ಹದಿನೈದು ದಿನದ ಎಲ್ಲರ ನಮೂದುಗಳನ್ನೂ, ಅಂದರೆ ನಾಲ್ಕು ಲಕ್ಷವನ್ನು, ಇಂಡೆಕ್ಸ್ ತಡಕಬೇಕಾಗುತ್ತದೆ. ‘ಇಷ್ಟೇ’ ಎಂದು ಕೇಳುವ ಕಾಲಂ ಮುಂದೆ, ‘ಇಲ್ಲಿಂದ ಅಲ್ಲಿಗೆ’ ಎಂದು ಕೇಳುವುದು ಹಿಂದೆ ಇರಬೇಕು. ತಿರುಗಿಸಿ ಕಟ್ಟಿದ ಮೇಲೆ ಮೂವತ್ತು ಸಾಲಿಗೆ ಮೂವತ್ತು ಚಿಲ್ಲರೆ ಪುಟ (ಡೇಟಾಬೇಸ್ ಒಮ್ಮೆಗೆ ಓದುವ 8 ಕೆಬಿ ತುಂಡು) ಓದಿದರೆ ಸಾಕಾಯಿತು. ಬಿಲ್ಲಿನ ಮಟ್ಟಿಗೆ ಇದನ್ನು ಮೀರಿಸಿದ್ದು ಕೊನೆಯವರೆಗೂ ಸಿಗಲಿಲ್ಲ.

ಆದರೆ ಇಂಡೆಕ್ಸ್ 640 ಎಂಬಿ ತೂಗಿತು. ಅದಕ್ಕಿಂತ ಕಿರಿಕಿರಿಯ ಸಂಗತಿ ಎಂದರೆ ಸಂಜೆ ಎಲ್ಲ ಸಂಘಗಳ ಹಾಲು ಒಟ್ಟಿಗೇ ಬೀಳುವಾಗ ಪ್ರತಿ ಸಾಲೂ ಇಂಡೆಕ್ಸ್‌ನ ಬೇರೆ ಬೇರೆ ಮೂಲೆಗೆ ಹೋಗಿ ಕೂರುತ್ತದೆ. ಚೆಕ್‌ಪಾಯಿಂಟ್ (ಮೆಮೊರಿಯಲ್ಲಿನ ಬದಲಾವಣೆಗಳನ್ನು ಡಿಸ್ಕ್‌ಗೆ ಇಳಿಸುವ ಘಟ್ಟ) ಆದ ಮೇಲೆ ಮೊದಲ ಸಲ ಮುಟ್ಟಿದ ಪುಟವನ್ನು ಪೋಸ್ಟ್‌ಗ್ರೆಸ್ ಇಡಿಯಾಗಿ ಬದಲಾವಣೆಗಳ ಲಾಗ್‌ಗೆ ಬರೆಯುವುದರಿಂದ ಡಿಸ್ಕ್ ಏದುಸಿರು ಬಿಡುತ್ತದೆ. ತಿಂಗಳ ಮೊತ್ತಕ್ಕೆ ಈ ಇಂಡೆಕ್ಸ್ ಉಪಯೋಗಕ್ಕೇ ಬರಲಿಲ್ಲ. ದಿನಾಂಕಕ್ಕೆಂದೇ ಇನ್ನೊಂದು ಬೇಕಾಯಿತು. ಒಂದೇ ಮೌಲ್ಯದ ನಮೂದುಗಳನ್ನು ಒತ್ತಿಡುವ ಸೌಲಭ್ಯ ಆವೃತ್ತಿ 13ರಲ್ಲಿ ಬಂದದ್ದರಿಂದ ಅದು 200 ಎಂಬಿಗೆ ಮುಗಿಯಿತು.

ಆ 200 ಎಂಬಿಯ ಜಾಗದಲ್ಲಿ ಬ್ರಿನ್ ಎಂಬ ಇನ್ನೊಂದು ಬಗೆಯ ಇಂಡೆಕ್ಸ್ ಹಾಕಿ ಗಾತ್ರ ನೋಡಿದಾಗ ಕಣ್ಣನ್ನು ನಂಬಲಾಗಲಿಲ್ಲ: ನೂರು ಕೆಬಿಯೂ ಇಲ್ಲ. ಬ್ರಿನ್ ಸಾಲುಗಳನ್ನು ಎಣಿಸುವುದೇ ಇಲ್ಲ. 128 ಪುಟಗಳನ್ನು, ಅಂದರೆ ಒಂದು ಎಂಬಿಯನ್ನು, ಒಂದು ಕಟ್ಟು ಮಾಡಿ ಅದರೊಳಗಿನ ಅತಿ ಹಳೆಯ ಮತ್ತು ಅತಿ ಹೊಸ ದಿನಾಂಕಗಳನ್ನಷ್ಟೇ ಬರೆದಿಟ್ಟುಕೊಳ್ಳುತ್ತದೆ. ಸಂಘದ ಕಪಾಟಿನಲ್ಲಿರುವ ಹಳೆಯ ಲೆಡ್ಜರುಗಳ ರಟ್ಟಿನ ಮೇಲೆ ಗುಮಾಸ್ತರು ‘ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ’ ಎಂದು ಬರೆದಿರುತ್ತಾರಲ್ಲ, ಹಾಗೆ. ತಿಂಗಳ ಮೊತ್ತ ಬಿ-ಟ್ರೀಗೆ ಸರಿಸಮನಾಗಿ ಬಂತು.

ಮೂರು ವಾರ ಈ ಸಂತೋಷದಲ್ಲೇ ಇದ್ದೆ. ಆಮೇಲೆ ನಕಲಿನ ಮೇಲೆ ಜೂನ್ ತಿಂಗಳ ದರ ತಿದ್ದುಪಡಿಯನ್ನು ಓಡಿಸಿದೆ. ಪೋಸ್ಟ್‌ಗ್ರೆಸ್‌ನಲ್ಲಿ ತಿದ್ದುವುದೆಂದರೆ ಹಳೆಯ ಸಾಲನ್ನು ಹಾಗೇ ಬಿಟ್ಟು ಹೊಸದನ್ನು ಜಾಗವಿದ್ದಲ್ಲಿ ಬರೆಯುವುದು. ಜೂನ್ ಸಾಲುಗಳು ಹೋಗಿ ಆಗಸ್ಟ್ ಪುಟಗಳ ಪಕ್ಕ ಕುಳಿತವು. ರಟ್ಟಿನ ಮೇಲೆ ಈಗ ‘ಜೂನ್‌ನಿಂದ ಆಗಸ್ಟ್’ ಎಂದಾಯಿತು. ಜುಲೈ ಕೇಳಿದರೂ ಆ ಕಟ್ಟನ್ನು ಬಿಚ್ಚಲೇಬೇಕು, ಒಳಗೆ ಜುಲೈನ ಒಂದು ಸಾಲೂ ಇಲ್ಲದಿದ್ದರೂ. ಪ್ರಶ್ನೆಯನ್ನು ಡೇಟಾಬೇಸ್ ಹೇಗೆ ಓಡಿಸಿತೆಂದು ತೋರಿಸುವ ಎಕ್ಸ್‌ಪ್ಲೇನ್‌ನಲ್ಲಿ, ಮರುಪರಿಶೀಲನೆಯಲ್ಲಿ ಕೈಬಿಟ್ಟ ಸಾಲುಗಳ ಸಂಖ್ಯೆ ಏರಿದ್ದು ನೋಡಿ ಕಾರಣ ತಿಳಿಯಿತು. ನೆಟ್‌ವರ್ಕ್ ಇಲ್ಲದ ಸಂಘಗಳು ವಾರ ಕಳೆದು ಕಳುಹಿಸುವ ನಮೂದುಗಳದೂ ಇದೇ ಕಥೆ. ಇಂಡೆಕ್ಸನ್ನು ಹೊಸದಾಗಿ ಕಟ್ಟಿ ಪ್ರಯೋಜನವಿಲ್ಲ, ಕೆಟ್ಟಿರುವುದು ಟೇಬಲ್‌ನ ಒಳಗಿನ ಸಾಲು ಕ್ರಮ. ಆವೃತ್ತಿ 14ರಿಂದ ಇರುವ ಮಿನ್‌ಮ್ಯಾಕ್ಸ್-ಮಲ್ಟಿ ಬಗೆಯ ಬ್ರಿನ್ ಒಂದೇ ಕಟ್ಟಿಗೆ ಹಲವು ಅವಧಿಗಳನ್ನು ಬರೆದಿಡುತ್ತದೆ. ಅದನ್ನು ಹಾಕಿದ ಮೇಲೆ ಜುಲೈ ಚೇತರಿಸಿಕೊಂಡಿತು. ಆದರೆ ಬಿಲ್ಲಿನ ವಿಷಯದಲ್ಲಿ ಬ್ರಿನ್ ಕೈಚೆಲ್ಲುತ್ತದೆ. ಮೂವತ್ತು ಸಾಲು ಕೇಳಿದರೆ ಹದಿನೈದು ದಿನದ ಮೂವತ್ತಕ್ಕೂ ಹೆಚ್ಚು ಎಂಬಿಯನ್ನು ಓದಿ ಸೋಸಿ ಕೊಡುತ್ತದೆ.

ತಿಂಗಳಿಗೊಂದು ಪಾರ್ಟಿಷನ್ ಮಾಡುವುದನ್ನು, ಅಂದರೆ ಟೇಬಲನ್ನೇ ತಿಂಗಳ ತುಂಡುಗಳಾಗಿ ಒಡೆಯುವುದನ್ನು, ನಾನು ಕೊನೆಗೆ ಇಟ್ಟುಕೊಂಡದ್ದು ಸೋಮಾರಿತನದಿಂದ. ಮಾಡಿದ ಮೇಲೆ ತಿಂಗಳ ಮೊತ್ತಕ್ಕೆ ಯಾವ ಇಂಡೆಕ್ಸೂ ಬೇಡವಾಯಿತು: ಆ ತಿಂಗಳ ತುಂಡನ್ನು ಪೂರ್ತಿ ಓದಿದರೆ ಆಯಿತು. ಸದಸ್ಯ-ದಿನಾಂಕದ ಬಿ-ಟ್ರೀ ತುಂಡಿಗೆ 18 ಎಂಬಿಯಾಗಿ, ಸಂಜೆಯ ಬರಹವೆಲ್ಲ ಮೆಮೊರಿಯಲ್ಲೇ ಉಳಿಯುವ ಒಂದೇ ಚಿಕ್ಕ ಇಂಡೆಕ್ಸ್‌ಗೆ ಬೀಳತೊಡಗಿತು. ಹಳೆಯ ತಿಂಗಳನ್ನು ತೆಗೆಯುವುದಂತೂ ಕ್ಷಣದ ಕೆಲಸ. ಒಂದೇ ಟೇಬಲ್ ಇದ್ದಾಗ ಎಂಟು ಲಕ್ಷ ಸಾಲು ಅಳಿಸಿದರೂ ಅವುಗಳ ಜಾಗವನ್ನು ತಾನೇ ಗುಡಿಸಬೇಕಾದ ಆಟೋವ್ಯಾಕ್ಯೂಮ್ ಏಳುತ್ತಿರಲಿಲ್ಲ. ಅದರ ಮೂಲ ಮಿತಿ ಶೇ. 20, ಅಂದರೆ ಇಲ್ಲಿ ಅರವತ್ತು ಲಕ್ಷ ಸತ್ತ ಸಾಲು.

ನಿಜವಾದ ಸರ್ವರ್‌ಗೆ ಇದನ್ನೇ ಹಾಕಿದೆ. ಎರಡನೇ ತಿಂಗಳ ಒಂದನೇ ತಾರೀಖು ಬೆಳಿಗ್ಗೆ ಆರಕ್ಕೆ ಫೋನು. ಹೊಸ ತಿಂಗಳ ಪಾರ್ಟಿಷನ್ ಸೃಷ್ಟಿಸುವುದನ್ನು ಮರೆತಿದ್ದೆ. ಒಂದು ಲೀಟರ್ ಹಾಲೂ ದಾಖಲಾಗುತ್ತಿರಲಿಲ್ಲ. ಈಗ ಮೂರು ತಿಂಗಳು ಮುಂಚಿತವಾಗಿ ತಾನೇ ಸೃಷ್ಟಿಯಾಗುವಂತೆ ಮಾಡಿದ್ದೇನೆ. ಬ್ರಿನ್ ಅನ್ನು ಬಿಟ್ಟಿಲ್ಲ. ಯಾರು ಏನು ತಿದ್ದಿದರು ಎಂಬ ಲಾಗ್ ಟೇಬಲ್‌ನಲ್ಲಿ ಕೊನೆಗೆ ಸೇರಿಸುವುದು ಬಿಟ್ಟರೆ ಬೇರೇನೂ ನಡೆಯುವುದಿಲ್ಲ, ಅಲ್ಲಿ ಅದು ನೆಮ್ಮದಿಯಾಗಿದೆ.

ಒಂದು ಮುಳ್ಳು ಮಾತ್ರ ಉಳಿದಿದೆ. ಪಾರ್ಟಿಷನ್ ಮಾಡಿದರೆ ಪ್ರೈಮರಿ ಕೀಯಲ್ಲಿ (ಪ್ರತಿ ಸಾಲನ್ನೂ ಬೇರೆಯೆಂದು ಗುರುತಿಸುವ ಕಾಲಂಗಳಲ್ಲಿ) ದಿನಾಂಕವೂ ಸೇರಲೇಬೇಕು. ಹೀಗಾಗಿ ಒಂದೇ ರಸೀದಿ ಸಂಖ್ಯೆ ಎರಡು ತಿಂಗಳಲ್ಲಿ ಬಂದರೂ ಡೇಟಾಬೇಸ್ ತಡೆಯುವುದಿಲ್ಲ. ಪ್ರತಿ ರಾತ್ರಿ ಒಂದು ಕ್ವೆರಿ ಓಡಿಸಿ ನಾನೇ ಹುಡುಕುತ್ತೇನೆ. ಈವರೆಗೆ ಎರಡು ಸಿಕ್ಕಿವೆ.